ರಾಡಾರ್ ಚಿತ್ರಕ್ಕೆ ಜಿಪಿಎಸ್ ಒಂದೇ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ವಿಮಾನದಿಂದ ತೆಗೆದ ಪ್ರವಾಹದ ರಾಡಾರ್ ಚಿತ್ರಗಳ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಮೋಡ ಇರಲಿ, ರಾತ್ರಿ ಇರಲಿ, ರಾಡಾರ್ ನೆಲವನ್ನು ನೋಡುತ್ತದೆ ಅನ್ನುವುದನ್ನು ಸರಳವಾಗಿ ಹೇಳಿದ್ದೀರಿ. ನೀರು ಯಾಕೆ ಕಪ್ಪಾಗಿ ಕಾಣುತ್ತದೆ ಅನ್ನುವುದನ್ನೂ ಸರಿಯಾಗಿಯೇ ಬರೆದಿದ್ದೀರಿ. ನಿಂತ ನೀರು ಕನ್ನಡಿಯ ಹಾಗೆ, ಬಿದ್ದ ಅಲೆಯನ್ನು ಆಚೆ ಕಡೆಗೆ ತಳ್ಳಿಬಿಡುತ್ತದೆ, ರಾಡಾರಿನ ಕಡೆಗೆ ಏನೂ ವಾಪಸ್ ಬರುವುದಿಲ್ಲ. ನನ್ನ ತಕರಾರು ಎರಡೇ. ಒಂದು, ಚಿತ್ರದ ಅಡಿಬರಹದ ಮೇಲೆ. ಇನ್ನೊಂದು, ಲೇಖನದ ಒಂದೇ ಒಂದು ವಾಕ್ಯದ ಮೇಲೆ.

ಮೊದಲು ಅಡಿಬರಹ. ಕಪ್ಪು ನೀರಿನ ನಡುವೆ ಕಾಣುವ ಬಿಳಿ ಚುಕ್ಕೆಗೆ ಬಾಣ ಹಾಕಿ ‘ರಕ್ಷಣಾ ದೋಣಿ’ ಅಂತ ಬರೆದಿದ್ದೀರಿ. ಇರಬಹುದು. ಆದರೆ ಆ ಚುಕ್ಕೆಯಿಂದ ಸ್ವಲ್ಪ ದೂರದಲ್ಲಿ ಒಂದು ರಸ್ತೆ ಹಾದುಹೋಗುತ್ತದೆ, ನೋಡಿ. ಅದು ಆ ರಸ್ತೆಯ ಮೇಲೆ ನೀರು ಸೀಳಿಕೊಂಡು ಮೆಲ್ಲಗೆ ಹೋಗುತ್ತಿದ್ದ ಲಾರಿಯೂ ಆಗಿರಬಹುದು. ರಸ್ತೆಯ ಮೇಲಿನ ಲಾರಿ ನೀರಿನ ನಡುವೆ ಹೇಗೆ ಬಂತು ಅಂತೀರಾ? ಅದನ್ನು ಹೇಳಬೇಕಾದರೆ ಎರಡನೆಯ ತಕರಾರಿಗೆ ಬರಬೇಕು.

ಆ ವಾಕ್ಯ ಇದು: ‘ವಿಮಾನ ಎಲ್ಲಿದೆ ಎಂಬುದನ್ನು ಜಿಪಿಎಸ್ ನಿಖರವಾಗಿ ಹೇಳುವುದರಿಂದ ಚಿತ್ರ ಸ್ಪಷ್ಟವಾಗಿ ಮೂಡುತ್ತದೆ.’ ಓದಿ ಪೇಪರ್ ಕೆಳಗಿಟ್ಟೆ. ಯಾಕೆಂದರೆ ನಾನು ನಿವೃತ್ತನಾಗುವ ತನಕ 24 ವರ್ಷ ಮಾಡಿದ ಕೆಲಸವೆಲ್ಲ ಆ ಒಂದು ವಾಕ್ಯದೊಳಗೆ ಮುಚ್ಚಿಹೋಗಿದೆ. ಅದಕ್ಕೆ ನಾವು ‘ಮೋಷನ್ ಕಾಂಪನ್ಸೇಷನ್’ ಅನ್ನುತ್ತೇವೆ. ಲ್ಯಾಬಿನಲ್ಲಿ ‘ಮೋಕಾಂಪ್’ ಅಂದರೆ ಸಾಕು. ವಿಮಾನ ಅಲುಗಿದ್ದನ್ನೆಲ್ಲ ಲೆಕ್ಕ ಹಿಡಿದು, ಆ ಅಲುಗಾಟವನ್ನು ರಾಡಾರಿನ ಅಂಕಿಗಳಿಂದ ಕಳೆಯುವ ಕೆಲಸ.

ಈ ರಾಡಾರಿನ ಪೂರ್ತಿ ಹೆಸರು ಸಿಂಥೆಟಿಕ್ ಅಪರ್ಚರ್ ರಾಡಾರ್. ಚಿಕ್ಕದಾಗಿ ಸಾರ್. ಮೇಷ್ಟ್ರನ್ನು ಕರೆದ ಹಾಗೆ ಕೇಳುತ್ತದೆ, ಏನು ಮಾಡುವುದು. ಹೊಟ್ಟೆಯಡಿ 1 ಮೀಟರ್ ಉದ್ದದ ಆಂಟೆನಾ ಕಟ್ಟಿಕೊಂಡು ಒಂದು ವಿಮಾನ ಹಾರುತ್ತಿದೆ ಅಂದುಕೊಳ್ಳಿ. ಅಲೆಯ ಉದ್ದ 3 ಸೆಂಟಿಮೀಟರ್. 10 ಕಿಲೋಮೀಟರ್ ದೂರ ಹೋಗುವಷ್ಟರಲ್ಲಿ ಅದರ ಕಿರಣ 300 ಮೀಟರ್ ಅಗಲಕ್ಕೆ ಹರಡಿಕೊಂಡಿರುತ್ತದೆ. ಆ 300 ಮೀಟರಿನೊಳಗೆ ಇರುವ ಮನೆ, ಮರ, ಕಂಬ ಎಲ್ಲ ಒಂದೇ ಮುದ್ದೆ. ಚಿತ್ರ ಅನ್ನುವ ಹಾಗೇ ಇಲ್ಲ.

ಇದಕ್ಕೆ 1951ರಲ್ಲಿ ಅಮೆರಿಕದ ಗುಡ್‌ಇಯರ್ ಏರ್‌ಕ್ರಾಫ್ಟ್ ಕಂಪನಿಯ ಕಾರ್ಲ್ ವೈಲಿ ದಾರಿ ತೋರಿಸಿದರು. ಆ ದಾರಿ ಬೆಳೆದು ನಿಂತ ರೂಪ ಇದು. ವಿಮಾನ ಸೆಕೆಂಡಿಗೆ 100 ಮೀಟರ್ ಓಡುತ್ತಿದ್ದರೆ 3 ಸೆಕೆಂಡಿನಲ್ಲಿ 300 ಮೀಟರ್ ಹೋಗುತ್ತದೆ. ಅಷ್ಟರಲ್ಲಿ ರಾಡಾರ್ ಸಾವಿರಾರು ಸಲ ಅಲೆ ಬಿಟ್ಟು, ವಾಪಸ್ ಬಂದ ಪ್ರತಿಧ್ವನಿಗಳನ್ನು ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಕಂಪ್ಯೂಟರ್ ಅವನ್ನೆಲ್ಲ ಒಟ್ಟಿಗೆ ಜೋಡಿಸುತ್ತದೆ. 300 ಮೀಟರ್ ಉದ್ದದ ಆಂಟೆನಾ ಇದ್ದಿದ್ದರೆ ಏನು ಕಾಣುತ್ತಿತ್ತೋ ಅದು ಕಾಣುತ್ತದೆ. 300 ಮೀಟರಿನ ಮುದ್ದೆ ಅರ್ಧ ಮೀಟರಿಗೆ ಇಳಿಯುತ್ತದೆ. ಒಂದು ಹೊತ್ತಿನಲ್ಲಿ ಒಂದೇ ಕಡೆ ಇರುವ ಆಂಟೆನಾ 300 ಮೀಟರ್ ಉದ್ದಕ್ಕೂ ಇದ್ದ ಹಾಗೆ ನಟಿಸುತ್ತದೆ ಅಷ್ಟೇ.

ಆದರೆ ಈ ನಾಟಕ ನಡೆಯಬೇಕಾದರೆ ಒಂದು ಷರತ್ತು ಇದೆ. ವಿಮಾನ ಗೆರೆ ಎಳೆದ ಹಾಗೆ ನೇರ ಹೋಗಿರಬೇಕು. ಇಲ್ಲವೇ ಎಲ್ಲೆಲ್ಲಿ ಗೆರೆ ಬಿಟ್ಟು ಸರಿಯಿತು ಅನ್ನುವುದಾದರೂ ಗೊತ್ತಿರಬೇಕು. ಗಾಳಿಯಲ್ಲಿ ಹಾರುವ ವಿಮಾನ ಎಲ್ಲಿ ನೇರ ಹೋಗುತ್ತದೆ? ಹೋಗುವುದಿಲ್ಲ. ಹಾಗಾಗಿ ಎರಡನೆಯದೇ ಗತಿ.

ಎಷ್ಟು ಸರಿದರೆ ಚಿತ್ರ ಕೆಡುತ್ತದೆ ಗೊತ್ತೇ? ಅಲೆ ಹೋಗಿ ಬರಬೇಕಲ್ಲ, ಆದ್ದರಿಂದ ವಿಮಾನ ಗುರಿಯ ಕಡೆಗೆ 7.5 ಮಿಲಿಮೀಟರ್ ಸರಿದರೆ ಅಲೆಯ ದಾರಿಯಲ್ಲಿ 15 ಮಿಲಿಮೀಟರ್ ಕಡಿಮೆ. ಅಂದರೆ ಅರ್ಧ ಅಲೆ. ಏರು ಇರಬೇಕಾದ ಕಡೆ ಇಳಿವು. ಇದನ್ನು ನಾವು ‘ಫೇಸ್’ ಅನ್ನುತ್ತೇವೆ. ಮುಖವಲ್ಲ, ಅಲೆ ಯಾವ ಹಂತದಲ್ಲಿದೆ ಅನ್ನುವ ಲೆಕ್ಕ. ಸಾವಿರಾರು ಪ್ರತಿಧ್ವನಿಗಳನ್ನು ಕೂಡಿಸುವಾಗ ಕೆಲವು ಏರು, ಕೆಲವು ಇಳಿವು ಆದರೆ ಒಂದನ್ನೊಂದು ತಿಂದು ಹಾಕುತ್ತವೆ. ಚಿತ್ರ ಹದವಾಗಿ ಬರಬೇಕಾದರೆ ಆ 3 ಸೆಕೆಂಡಿನಲ್ಲಿ ನಮ್ಮ ಲೆಕ್ಕದ ದಾರಿ ನಿಜವಾದ ದಾರಿಗಿಂತ ಸುಮಾರು 2 ಮಿಲಿಮೀಟರಿಗಿಂತ ಜಾಸ್ತಿ ಬಾಗಿರಬಾರದು. ಅಲೆಯ ಹದಿನಾರನೇ ಒಂದು ಭಾಗ ಅನ್ನುವುದು ನಾವು ಇಟ್ಟುಕೊಂಡಿದ್ದ ಅಳತೆ.

2 ಮಿಲಿಮೀಟರ್. ಈಗ ಜಿಪಿಎಸ್ ಏನು ಕೊಡುತ್ತದೆ ನೋಡಿ. ಸಾಮಾನ್ಯ ಜಿಪಿಎಸ್ ಕೆಲವು ಮೀಟರ್. ನೆಲದ ಮೇಲೆ ಇನ್ನೊಂದು ರಿಸೀವರ್ ಇಟ್ಟು, ಎಲ್ಲ ಉಪಾಯ ಮಾಡಿದರೆ ಕೆಲವು ಸೆಂಟಿಮೀಟರ್. ಅದೂ ಸೆಕೆಂಡಿಗೆ ಹತ್ತು ಸಲ ಅಂದುಕೊಂಡರೆ 3 ಸೆಕೆಂಡಿಗೆ ಮೂವತ್ತು ಸಲ. ಅಷ್ಟರಲ್ಲಿ ರಾಡಾರ್ ಮೂರು ಸಾವಿರ ಅಲೆ ಬಿಟ್ಟಿರುತ್ತದೆ. ಒಂದು ಉತ್ತರಕ್ಕೂ ಇನ್ನೊಂದು ಉತ್ತರಕ್ಕೂ ನಡುವೆ ನೂರು ಅಲೆ. ಆ ನೂರು ಅಲೆಗಳ ಹೊತ್ತಿನಲ್ಲಿ ವಿಮಾನ ಏನು ಮಾಡಿತು? ಜಿಪಿಎಸ್‌ಗೆ ಗೊತ್ತಿಲ್ಲ.

ಅದನ್ನು ಹೇಳುವುದು ಆಂಟೆನಾ ಪಕ್ಕದಲ್ಲಿ ಕೂತ ಇನ್ನೊಂದು ಪೆಟ್ಟಿಗೆ. ಒಳಗೆ ಮೂರು ಗೈರೊ, ಮೂರು ಆಕ್ಸಲೆರೊಮೀಟರ್. ಗೈರೊ ತಿರುಗಿದ್ದನ್ನು ಅಳೆಯುತ್ತದೆ, ಆಕ್ಸಲೆರೊಮೀಟರ್ ಎಳೆತವನ್ನು ಅಳೆಯುತ್ತದೆ. ಸೆಕೆಂಡಿಗೆ ನೂರಾರು ಸಲ. ಇದರಿಂದ ಲೆಕ್ಕ ಹಾಕಿ ವಿಮಾನ ಎಷ್ಟು ಸರಿಯಿತು, ಎಷ್ಟು ವಾಲಿತು ಅಂತ ತಿಳಿಯುತ್ತದೆ. ಇದು ಐಎನ್‌ಎಸ್, ಅಂದರೆ ಇನರ್ಷಿಯಲ್ ನ್ಯಾವಿಗೇಷನ್ ಸಿಸ್ಟಮ್. ಇದರ ಗುಣ ವಿಚಿತ್ರ. ಒಳ್ಳೆಯ ದರ್ಜೆಯದೇ ಆದರೂ ಅದೊಂದನ್ನೇ ನೆಚ್ಚಿಕೊಂಡರೆ ಗಂಟೆಗೆ ಸುಮಾರು 1 ನಾಟಿಕಲ್ ಮೈಲಿ, ಅಂದರೆ 1.85 ಕಿಲೋಮೀಟರ್ ದಾರಿ ತಪ್ಪುತ್ತದೆ. ಆದರೆ 3 ಸೆಕೆಂಡಿನ ಮಟ್ಟಿಗೆ ಕೇಳಿದರೆ ಮಿಲಿಮೀಟರ್ ಲೆಕ್ಕ ಒಪ್ಪಿಸುತ್ತದೆ.

ಹೊಸದಾಗಿ ಬಂದ ಹುಡುಗರಿಗೆ ನಾನು ಬಸ್ಸಿನ ಮಾತು ಹೇಳುತ್ತಿದ್ದೆ. ಕಣ್ಣು ಮುಚ್ಚಿ ಬಸ್ಸಿನಲ್ಲಿ ಕೂತುಕೊಳ್ಳಿ. ಬ್ರೇಕ್ ಹಾಕಿದ್ದು, ತಿರುವು ತಗೊಂಡದ್ದು, ಹೊಂಡಕ್ಕೆ ಇಳಿದದ್ದು ಎಲ್ಲ ಮೈಗೆ ಗೊತ್ತಾಗುತ್ತದೆ. ಆದರೆ ಒಂದು ಗಂಟೆ ಕಳೆದ ಮೇಲೆ ಎಲ್ಲಿದ್ದೀರಿ ಅಂದರೆ ಹೇಳಲಾರಿರಿ. ಕಂಡಕ್ಟರ್ ಆಗಾಗ ಸ್ಟಾಪಿನ ಹೆಸರು ಕೂಗುತ್ತಾನೆ. ಅದು ಸರಿಯಾಗಿರುತ್ತದೆ, ಆದರೆ ಯಾವಾಗಲೋ ಒಮ್ಮೆ. ಮೈ ಐಎನ್‌ಎಸ್, ಕಂಡಕ್ಟರ್ ಜಿಪಿಎಸ್. ಇಬ್ಬರೂ ಬೇಕು. ಯಾರ ಮಾತನ್ನು ಎಷ್ಟು ನಂಬಬೇಕು ಅಂತ ಕ್ಷಣಕ್ಷಣಕ್ಕೂ ತೀರ್ಮಾನ ಮಾಡುವ ಲೆಕ್ಕವೇ ಕಾಲ್ಮನ್ ಫಿಲ್ಟರ್. ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ್ದು. ಚಂದ್ರನಿಗೆ ಹೋದ ಅಪೊಲೊ ನೌಕೆಗಳ ದಾರಿ ಲೆಕ್ಕಕ್ಕೂ ಇದನ್ನೇ ಬಳಸಿದ್ದರು.

ಇಬ್ಬರನ್ನೂ ಕೂಡಿಸಿದ್ದಾಯಿತು, ಇನ್ನೇನು ಅಂದುಕೊಂಡಿದ್ದೆವು ನಾವೂ. ಅಲ್ಲಿ ನಮಗೆ ಬಿದ್ದ ಪೆಟ್ಟನ್ನು ಹೇಳಲೇಬೇಕು. ಸಂಪಾದಕರೇ, ಜಾಗ ಸಾಲದೆ ಪತ್ರಕ್ಕೆ ಕತ್ತರಿ ಹಾಕುವುದಾದರೆ ಬೇರೆ ಎಲ್ಲಿ ಬೇಕಾದರೂ ಹಾಕಿ, ಈ ಭಾಗ ಬಿಡಿ.

ರಾಡಾರ್ ಸರಿ ಇದೆಯೋ ಇಲ್ಲವೋ ಅಂತ ನೋಡಲು ನಾವು ಬಯಲಿನಲ್ಲಿ ‘ಕಾರ್ನರ್ ರಿಫ್ಲೆಕ್ಟರ್’ ಇಡುತ್ತಿದ್ದೆವು. ಮೂರು ಲೋಹದ ತಗಡುಗಳನ್ನು ಒಂದಕ್ಕೊಂದು ಲಂಬ ಕೋನದಲ್ಲಿ ಕೂಡಿಸಿದ್ದು. ಕೋಣೆಯ ಮೂಲೆಯನ್ನು ಕತ್ತರಿಸಿ ಹೊರಗೆ ತಂದಿಟ್ಟ ಹಾಗಿರುತ್ತದೆ. ಎಲ್ಲಿಂದ ಅಲೆ ಬಂತೋ ಅಲ್ಲಿಗೇ ವಾಪಸ್ ಕಳಿಸುವುದು ಅದರ ಕೆಲಸ. ಚಿತ್ರದಲ್ಲಿ ಅದು ಒಂದು ಚೂಪಾದ ಬಿಳಿ ಚುಕ್ಕೆಯಾಗಿ ಕಾಣಬೇಕು.

ಒಂದು ಹಾರಾಟದಲ್ಲಿ ಎರಡು ಕಂಡವು. ಪಕ್ಕಪಕ್ಕದಲ್ಲಿ ಎರಡು ಚುಕ್ಕೆ, ನಡುವೆ ಕಪ್ಪು. ಆ ಜಾಗದಲ್ಲಿ ಇದ್ದದ್ದು ಒಂದೇ. ಅಲ್ಲಿದ್ದ ಹುಡುಗನಿಗೆ ಫೋನ್ ಮಾಡಿ ‘ಎಷ್ಟು ಇಟ್ಟಿದ್ದೀಯಪ್ಪಾ?’ ಅಂತಲೂ ಕೇಳಿದೆವು. ಅವನು ನಕ್ಕ. ಅದೇ ಚಿತ್ರದಲ್ಲಿ ಅರ್ಧ ಕಿಲೋಮೀಟರ್ ಆಚೆ ಇದ್ದ ಇನ್ನೊಂದು ರಿಫ್ಲೆಕ್ಟರ್ ಮಾತ್ರ ಸರಿಯಾಗಿ ಒಂದೇ ಚುಕ್ಕೆ. ಆಂಟೆನಾ ಬಿಚ್ಚಿದರು, ಕೇಬಲ್ ಬದಲಿಸಿದರು. ಟ್ರಾನ್ಸ್‌ಮಿಟರ್ ಮೇಲೆ ಒಂದು ವಾರ ಅನುಮಾನ. ನಾಲ್ಕು ದಿನ ನಾನೂ ಪ್ರೋಸೆಸಿಂಗ್ ಕೋಡಿನಲ್ಲಿ ಇಲ್ಲದ ತಪ್ಪು ಹುಡುಕಿದೆ.

ಕೊನೆಗೆ ಸಿಕ್ಕಿದ್ದು ನ್ಯಾವಿಗೇಷನ್ ದಾಖಲೆಯಲ್ಲಿ. ವಿಮಾನದ ದಾರಿಯನ್ನು ಗ್ರಾಫ್ ಮಾಡಿ, ಹಿಗ್ಗಿಸಿ ಹಿಗ್ಗಿಸಿ ನೋಡಿದಾಗ ಒಂದು ಕಡೆ ಮೆಟ್ಟಿಲು ಕಂಡಿತು. ಗೆರೆ ನುಣ್ಣಗೆ ಬರುತ್ತಾ ಬರುತ್ತಾ ಒಂದು ಕ್ಷಣದಲ್ಲಿ 7 ಮಿಲಿಮೀಟರ್ ಚಿಲ್ಲರೆ ಪಕ್ಕಕ್ಕೆ ಜಿಗಿದಿತ್ತು. ವಿಮಾನ ಜಿಗಿದದ್ದಲ್ಲ. ಆ ಕ್ಷಣಕ್ಕೆ ಜಿಪಿಎಸ್‌ನಿಂದ ಹೊಸ ಉತ್ತರ ಬಂದಿತ್ತು, ಕಾಲ್ಮನ್ ಫಿಲ್ಟರ್ ‘ಓಹೋ, ನಾನು ಇಷ್ಟು ತಪ್ಪಿದ್ದೆ’ ಅಂತ ಒಮ್ಮೆಲೇ ತಿದ್ದಿಕೊಂಡಿತ್ತು. ಆ ತಿದ್ದುಪಡಿ ಬಿದ್ದದ್ದು ಸರಿಯಾಗಿ ನಮ್ಮ 3 ಸೆಕೆಂಡಿನ ನಡುಮಧ್ಯ. ಮೊದಲ ಅರ್ಧದ ಪ್ರತಿಧ್ವನಿಗಳು ಏರು, ಉಳಿದ ಅರ್ಧ ಇಳಿವು. ಚುಕ್ಕೆ ಇರಬೇಕಾದ ಜಾಗದಲ್ಲಿ ಎರಡೂ ಕೂಡಿ ಸೊನ್ನೆಯಾಯಿತು. ಉಳಿದ ಶಕ್ತಿ ಆಚೆ ಈಚೆ ಹಂಚಿಕೊಂಡು ಎರಡು ಚುಕ್ಕೆಯಾಯಿತು.

ತಮಾಷೆ ನೋಡಿ. ಆ ತಿದ್ದುಪಡಿ ತಪ್ಪಲ್ಲ. ತಿದ್ದಿಕೊಂಡ ಮೇಲೆ ವಿಮಾನದ ಜಾಗ ಮೊದಲಿಗಿಂತ ಸರಿಯಾಗಿಯೇ ಇತ್ತು. ಪೈಲಟ್‌ಗೆ, ನಕ್ಷೆಗೆ ಅದು ಒಳ್ಳೆಯದೇ. ಚಿತ್ರಕ್ಕೆ ಮಾತ್ರ ವಿಷ. ನಮಗೆ ಬೇಕಿದ್ದದ್ದು ವಿಮಾನ ಎಲ್ಲಿದೆ ಅನ್ನುವುದಲ್ಲ, ಈ 3 ಸೆಕೆಂಡಿನಲ್ಲಿ ಹೇಗೆ ಸರಿಯಿತು ಅನ್ನುವುದು. ಎರಡೂ ಒಂದೇ ಅಲ್ವಾ ಅನ್ನಿಸುತ್ತದೆ. ಅಲ್ಲ. ನಿಮ್ಮ ಲೇಖನದ ವಾಕ್ಯದಲ್ಲಿ ಮುಚ್ಚಿಹೋದದ್ದು ಇದೇ.

ಆಮೇಲೆ ನಾವು ಚಿತ್ರ ತೆಗೆಯುವ ಹೊತ್ತಿನಲ್ಲಿ ಒಮ್ಮೆಲೇ ತಿದ್ದುವುದನ್ನು ನಿಲ್ಲಿಸಿದೆವು. ಜಿಪಿಎಸ್ ಹೇಳಿದ ತಪ್ಪನ್ನು ಸ್ವಲ್ಪಸ್ವಲ್ಪವಾಗಿ, ಮೆಟ್ಟಿಲು ಬೀಳದ ಹಾಗೆ ಹಂಚುತ್ತಿದ್ದೆವು. ಆತುರವಿಲ್ಲದ ಕೆಲಸಕ್ಕೆ ವಿಮಾನ ಇಳಿದ ಮೇಲೆ ದಾಖಲೆಯನ್ನು ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಓಡಿಸಿ ಎರಡನ್ನೂ ಬೆರೆಸಿದರೆ ದಾರಿ ಇನ್ನೂ ನುಣುಪಾಗುತ್ತದೆ.

ಬೇರೆ ಕಾಟಗಳೂ ಇದ್ದವು. ಪೆಟ್ಟಿಗೆ ಮೇಲೆ, ಆಂಟೆನಾ 2 ಮೀಟರ್ ಕೆಳಗೆ ಅಂದುಕೊಳ್ಳಿ. ವಿಮಾನ 1 ಡಿಗ್ರಿ ವಾಲಿದರೆ ಪೆಟ್ಟಿಗೆ ಇದ್ದಲ್ಲೇ ಇರುತ್ತದೆ, ಆಂಟೆನಾ 35 ಮಿಲಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಒಂದು ಅಲೆಗಿಂತ ಜಾಸ್ತಿ! ಹಾಗಾಗಿ ಎರಡರ ನಡುವಿನ ಅಂತರವನ್ನು ಟೇಪ್ ಹಿಡಿದು ಅಳೆದು ಲೆಕ್ಕಕ್ಕೆ ಕೊಡಬೇಕು. ಇದಕ್ಕೆ ‘ಲೆವರ್ ಆರ್ಮ್’ ಅನ್ನುತ್ತೇವೆ. ಒಮ್ಮೆ ಕೂಡುವ ಚಿಹ್ನೆಯ ಬದಲು ಕಳೆಯುವ ಚಿಹ್ನೆ ಹಾಕಿ ಮೂರು ಹಾರಾಟ ಹಾಳು ಮಾಡಿದವನು ಬೇರೆ ಯಾರೂ ಅಲ್ಲ, ಈ ಪತ್ರ ಬರೆಯುತ್ತಿರುವವನೇ. ಸಮಯದ ಗೋಳು ಇನ್ನೊಂದು. ಪೆಟ್ಟಿಗೆಯ ಅಂಕಿ ರಾಡಾರಿಗೆ 20 ಮಿಲಿಸೆಕೆಂಡ್ ತಡವಾಗಿ ತಲುಪಿ, ಅದನ್ನು ಯಾರೂ ಗಮನಿಸದಿದ್ದರೆ, ಸೆಕೆಂಡಿಗೆ ಅರ್ಧ ಮೀಟರಿನಂತೆ ಅತ್ತಿತ್ತ ತೂಗುತ್ತಿರುವ ವಿಮಾನದಲ್ಲಿ 10 ಮಿಲಿಮೀಟರ್ ತಪ್ಪು ಸೇರಿಕೊಳ್ಳುತ್ತದೆ.

ಪೆಟ್ಟಿಗೆ ತಾನು ಎಷ್ಟು ವಾಲಿದ್ದೇನೆ ಅನ್ನುವುದನ್ನು ಡಿಗ್ರಿಯ ನೂರನೇ ಒಂದು ಭಾಗ ತಪ್ಪಾಗಿ ತಿಳಿದರೂ ಸಾಕು. ಭೂಮಿಯ ಎಳೆತದ ಒಂದು ಚೂರು ಪಕ್ಕದ ಎಳೆತವೆಂದು ಲೆಕ್ಕಕ್ಕೆ ನುಸುಳುತ್ತದೆ, 3 ಸೆಕೆಂಡಿನಲ್ಲಿ ನಮ್ಮ 2 ಮಿಲಿಮೀಟರನ್ನು ಅದೊಂದೇ ತಿಂದು ಮುಗಿಸುತ್ತದೆ. ವಿಮಾನದ ಮೂತಿ ಯಾವ ಕಡೆಗಿದೆ ಅನ್ನುವುದನ್ನಂತೂ ನೇರ ಹಾರಾಟದಲ್ಲಿ ಫಿಲ್ಟರ್‌ಗೆ ಸರಿಯಾಗಿ ಕಂಡುಹಿಡಿಯಲಾಗುವುದಿಲ್ಲ. ಅದಕ್ಕೆ ಚಿತ್ರ ತೆಗೆಯುವ ಮೊದಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ಅಂತ ಪೈಲಟ್‌ಗೆ ಹೇಳುತ್ತಿದ್ದೆವು. ‘ಗೆರೆ ತಪ್ಪಬೇಡಿ ಅಂತೀರಿ, ಮೊದಲು ಹಾವಿನ ಹಾಗೆ ಹೋಗಿ ಅಂತೀರಿ, ಒಂದು ಕಡೆ ನಿಲ್ಲಿ ಸಾರ್’ ಅನ್ನುತ್ತಿದ್ದರು ಅವರು. ಈ ಸಾರ್ ಬೇರೆ.

ಈಗ ಲಾರಿಗೆ ಬರುತ್ತೇನೆ. ನೆಲದ ವಸ್ತು ನಿಂತಿದೆ ಅಂದುಕೊಂಡೇ ಸಾರ್ ಲೆಕ್ಕ ಹಾಕುವುದು. ಆ ವಸ್ತು ರಾಡಾರಿನ ಕಡೆಗೆ ಸೆಕೆಂಡಿಗೆ 1 ಮೀಟರ್ ಚಲಿಸುತ್ತಿದ್ದರೂ, ಅಂದರೆ ನಾವು ನಡೆಯುವಷ್ಟು ನಿಧಾನವಾಗಿ, ನಾನು ಹೇಳಿದ ದೂರ ಮತ್ತು ವೇಗಕ್ಕೆ ಅದು ಚಿತ್ರದಲ್ಲಿ 100 ಮೀಟರ್ ಪಕ್ಕಕ್ಕೆ ಕಾಣುತ್ತದೆ, ವಿಮಾನದ ದಾರಿಯ ಉದ್ದಕ್ಕೆ ಸರಿದು. ರೈಲು ಹಳಿ ಬಿಟ್ಟು ಹೊಲದಲ್ಲಿ ಓಡುತ್ತಿರುವ ಸಾರ್ ಚಿತ್ರಗಳು, ಹಡಗು ತನ್ನ ಹಿಂದಿನ ನೊರೆಯ ಗೆರೆಯಿಂದ ದೂರ ತೇಲುವ ಚಿತ್ರಗಳು ನಮ್ಮವರಿಗೆ ಹೊಸದೇನಲ್ಲ. ಇದೇ ಲೆಕ್ಕ ತಿರುಗಿಸಿ ನೋಡಿ. ವಿಮಾನ ತನ್ನ ಪಕ್ಕದ ವೇಗವನ್ನು ಸೆಕೆಂಡಿಗೆ ಬರೀ 1 ಸೆಂಟಿಮೀಟರ್ ತಪ್ಪಾಗಿ ತಿಳಿದರೆ ಇಡೀ ಚಿತ್ರ 1 ಮೀಟರ್ ಜರುಗುತ್ತದೆ. ಮಸುಕಾಗುವುದಿಲ್ಲ, ಚೂಪಾಗಿಯೇ ಇರುತ್ತದೆ. ಅದಕ್ಕೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ.

‘ಈಗ ಸಾಫ್ಟ್‌ವೇರ್ ಎಲ್ಲ ಸರಿ ಮಾಡುತ್ತದೆ’ ಅಂತ ಯಾರಾದರೂ ನಿಮ್ಮ ವರದಿಗಾರರಿಗೆ ಹೇಳಿರಬಹುದು. ಆಟೋಫೋಕಸ್ ಇದೆ, ನಿಜ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು 1980ರ ದಶಕದ ಕೊನೆಗೆ ಮಾಡಿದ ‘ಫೇಸ್ ಗ್ರೇಡಿಯೆಂಟ್’ ವಿಧಾನವನ್ನು ನಾನೂ ಬಹಳ ಬಳಸಿದ್ದೇನೆ. ಚಿತ್ರದಲ್ಲಿರುವ ಗಟ್ಟಿ ಚುಕ್ಕೆಗಳನ್ನು ನೋಡಿ, ಅವು ಎಷ್ಟು ಹರಡಿವೆ ಅನ್ನುವುದರಿಂದ ಉಳಿದ ತಪ್ಪನ್ನು ಅದು ಊಹಿಸುತ್ತದೆ. ಅದ್ಭುತ ಕೆಲಸ. ಆದರೆ ಪ್ರವಾಹದ ಚಿತ್ರದಲ್ಲಿ ಗಟ್ಟಿ ಚುಕ್ಕೆ ಎಷ್ಟಿರುತ್ತವೆ? ಅರ್ಧಕ್ಕೆ ಅರ್ಧ ಕಪ್ಪು ನೀರು. ಅಲ್ಲದೆ ಈಗ ಹೇಳಿದ ಹಾಗೆ ಇಡಿಯಾಗಿ ಜರುಗಿದ ಚಿತ್ರವನ್ನು ಆಟೋಫೋಕಸ್ ಜಾಗಕ್ಕೆ ತರುವುದಿಲ್ಲ. ಚಿತ್ರ ಚೆಂದ ಮಾಡುತ್ತದೆ, ಯಾವ ಮನೆ ನೀರಲ್ಲಿದೆ ಅನ್ನುವುದಕ್ಕೆ ಜವಾಬು ಕೊಡುವುದಿಲ್ಲ.

ಉಪಗ್ರಹಗಳಿಗೆ ಈ ಗೋಳು ಕಡಿಮೆ. ಅಲ್ಲಿ ಗಾಳಿಯಿಲ್ಲ, ಕಕ್ಷೆ ನುಣುಪು. 1978ರ ಸೀಸ್ಯಾಟ್‌ನಿಂದ ಹಿಡಿದು ಎಷ್ಟೋ ಉಪಗ್ರಹಗಳು ಹೀಗೆ ಚಿತ್ರ ಕೊಟ್ಟಿವೆ. ಹಾಗಂತ ಪೂರ್ತಿ ಬಿಡುಗಡೆಯಿಲ್ಲ. 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಬಾಹ್ಯಾಕಾಶ ನೌಕೆ 60 ಮೀಟರ್ ಉದ್ದದ ತೋಳು ಚಾಚಿ, ಅದರ ತುದಿಯಲ್ಲಿ ಎರಡನೆಯ ಆಂಟೆನಾ ಇಟ್ಟುಕೊಂಡು ಭೂಮಿಯ ಎತ್ತರ ತಗ್ಗು ಅಳೆಯಿತಲ್ಲ, ಆಗ ಆ ತೋಳಿನ ತೂಗಾಟವನ್ನೂ ಅಳೆದು ಕಳೆಯಬೇಕಾಯಿತು. ವಿಮಾನದವರಲ್ಲಿ ನಾಸಾದ ಯುಎವಿಸಾರ್ ಅನ್ನುವ ರಾಡಾರ್ ನನಗೆ ತುಂಬಾ ಮೆಚ್ಚುಗೆ. 2007ರಿಂದ ಗಲ್ಫ್‌ಸ್ಟ್ರೀಮ್ ವಿಮಾನದಲ್ಲಿ ಹಾರುತ್ತಿದೆ. ಅದರ ಆಟೋಪೈಲಟ್ ವಿಮಾನವನ್ನು 10 ಮೀಟರ್ ಅಗಲದ, ಕಣ್ಣಿಗೆ ಕಾಣದ ಕೊಳವೆಯೊಳಗೆ ಹಾರಿಸುತ್ತದೆ, ಮುಂದಿನ ಸಲವೂ ಅದೇ ಕೊಳವೆಯಲ್ಲಿ. ಅಷ್ಟಾದರೂ 10 ಮೀಟರಿಗೂ ಮಿಲಿಮೀಟರಿಗೂ ನಡುವಿನ ಕೆಲಸ ಮೋಕಾಂಪ್‌ನದೇ.

ನನಗೆ ಚಿಂತೆ ಇರುವುದು ಡ್ರೋನ್‌ಗಳ ಬಗ್ಗೆ. ಸಣ್ಣ ಡ್ರೋನ್‌ಗಳಲ್ಲೂ ಸಾರ್ ಬರುತ್ತಿದೆ ಅಂತ ನಿಮ್ಮ ಲೇಖನದ ಕೊನೆಯಲ್ಲಿ ಖುಷಿಯಿಂದ ಬರೆದಿದ್ದೀರಿ. ಖುಷಿ ನನಗೂ ಇದೆ. ಆದರೆ ಹಗುರ ಡ್ರೋನ್ ಗಾಳಿಗೆ ದೊಡ್ಡ ವಿಮಾನಕ್ಕಿಂತ ಎಷ್ಟೋ ಜಾಸ್ತಿ ತೂಗಾಡುತ್ತದೆ, ಅದೇ ಡ್ರೋನ್ ಹೊರಬಲ್ಲ ಪೆಟ್ಟಿಗೆ ಮಾತ್ರ ಚಿಕ್ಕದು, ಅದರ ಗೈರೊ ಒರಟು. ಅಲುಗಾಟ ಜಾಸ್ತಿ, ಅಳತೆ ಕಡಿಮೆ. ಉದ್ದದ ಅಲೆ ಬಳಸಿದರೆ ಸ್ವಲ್ಪ ಉಸಿರಾಡಬಹುದು. 24 ಸೆಂಟಿಮೀಟರ್ ಅಲೆಗೆ ನಮ್ಮ 2 ಮಿಲಿಮೀಟರ್ 15 ಆಗುತ್ತದೆ. ಆದರೆ ಕೊಳ್ಳುವವರು ಕೇಳುವುದೆಲ್ಲ ಆಂಟೆನಾ ಎಷ್ಟು ದೊಡ್ಡದು, ಎಷ್ಟು ವ್ಯಾಟ್, ಎಷ್ಟು ದೂರ ಅಂತ. ಒಳಗಿನ ಪೆಟ್ಟಿಗೆ ಯಾವ ದರ್ಜೆಯದು ಅಂತ ಕೇಳಿದ ಒಬ್ಬರನ್ನೂ ನನ್ನ ಸರ್ವೀಸಿನಲ್ಲಿ ನೋಡಲಿಲ್ಲ. ಪತ್ರಿಕೆಯಲ್ಲಿ ಬಂದರೆ ಕೇಳುವುದು ಶುರುವಾಗಬಹುದು, ಅದಕ್ಕೇ ಇಷ್ಟುದ್ದ ಬರೆದೆ.

ಆ ಬಿಳಿ ಚುಕ್ಕೆಯ ವಿಷಯ ಹಾಗೇ ಉಳಿಯಿತು. ವಿಮಾನ ಯಾವ ದಿಕ್ಕಿಗೆ ಹಾರುತ್ತಿತ್ತು, ಎಷ್ಟು ವೇಗ, ನೆಲ ಎಷ್ಟು ದೂರ ಅನ್ನುವುದು ನಿಮ್ಮ ವರದಿಗಾರರ ಬಳಿ ಇದ್ದರೆ ಕಳಿಸಿಕೊಡಿ. ರಸ್ತೆ ಪತ್ರಿಕೆಯ ಚಿತ್ರದಲ್ಲೇ ಇದೆ, ಸ್ಕೇಲ್ ಇಟ್ಟು ಅಳೆದಿದ್ದೇನೆ. ಆ ಚುಕ್ಕೆ ಲಾರಿಯದೇ ಆಗಿದ್ದರೆ ಅದು ಎಷ್ಟು ವೇಗದಲ್ಲಿ ಹೋಗುತ್ತಿರಬೇಕಿತ್ತು ಅಂತ ಕೂತು ಲೆಕ್ಕ ಹಾಕಿ ಬರೆಯುತ್ತೇನೆ. ನೀರು ತುಂಬಿದ ರಸ್ತೆಯಲ್ಲಿ ಯಾವ ಲಾರಿಯೂ ಅಷ್ಟು ಜೋರಾಗಿ ಹೋಗಲಾರದು ಅಂತ ಉತ್ತರ ಬಂದರೆ ನಿಮ್ಮ ದೋಣಿಯೇ ಸರಿ.

ಇಂತಿ ನಿಮ್ಮ ಓದುಗ,
ನಿವೃತ್ತ ರಾಡಾರ್ ಎಂಜಿನಿಯರ್